ಎರಡು ವರ್ಷ ತಾನೇ

ಸರಕಾರಿ ಕಾಗದಪತ್ರಗಳಲ್ಲಿ ‘ತಾತ್ಕಾಲಿಕ’ ಎಂಬ ಶಬ್ದ ಹೇಗೋ, ನಮ್ಮ ಮನೆಮಾತಿನಲ್ಲಿ ‘ಸದ್ಯಕ್ಕೆ’ ಎಂಬ ಶಬ್ದ ಹಾಗೆ. ಸದ್ಯಕ್ಕೆ ಮಾಡಿಗೆ ಶೀಟು ಹಾಕುವ, ಹಂಚು ಆಮೇಲೆ ಹೊದೆಸಿದರಾಯಿತು. ಸದ್ಯಕ್ಕೆ ಈ ಒಲೆಯಲ್ಲೇ ಅಡಿಗೆಯಾಗಲಿ. ಹೀಗೆ ಸದ್ಯಕ್ಕೆಂದು ಹಾಕಿದ ಶೀಟಿನ ಅಡಿಯಲ್ಲೇ ಮಕ್ಕಳು ಹುಟ್ಟಿ ಬೆಳೆದು, ಮದುವೆಯಾಗಿ ಹೋದ ಮನೆಗಳು ನಮ್ಮ ಮರ್ಕಂಜದಲ್ಲಿ ಬೇಕಾದಷ್ಟಿವೆ. ಆದರೆ ಈ ಶಬ್ದವನ್ನು ಮಾಡಿಗೂ ಒಲೆಗೂ ಹಚ್ಚುವುದು ಬೇರೆ, ಮನುಷ್ಯರ ಆಯುಷ್ಯಕ್ಕೆ ಹಚ್ಚುವುದು ಬೇರೆ. ಮನೆಯ ಒಬ್ಬರು ಪರದೇಶಕ್ಕೆ ದುಡಿಯಲು ಹೊರಟಾಗ ನಾವು ಅದನ್ನೇ ಮಾಡುತ್ತೇವೆ. “ಎರಡು ವರ್ಷ ತಾನೇ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿಯುತ್ತದೆ” ಎನ್ನುತ್ತೇವೆ. ಹೋಗುವವರಿಗೂ ಅದೇ ಮಾತು ಧೈರ್ಯ ಕೊಡುತ್ತದೆ. ಆದರೆ ಕಣ್ಣು ಮುಚ್ಚಿಕೊಂಡು ಕಳೆಯುವ ಆ ಎರಡು ವರ್ಷಗಳನ್ನು ಬದುಕಿನ ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ? ಅಲ್ಲಿ ದುಡಿಯುವುದಷ್ಟೇ ಧರ್ಮವೋ, ಸ್ವಲ್ಪ ಸಂತೋಷಪಡುವುದಕ್ಕೂ ನಮಗೆ ಹಕ್ಕುಂಟೋ? ಇದು ನನಗೆ ಪುಸ್ತಕದಲ್ಲಿ ಎದುರಾದ ಪ್ರಶ್ನೆಯಲ್ಲ, ಫೋನಿನಲ್ಲಿ ಎದುರಾದದ್ದು.

ನಾನು ಹೋದದ್ದು 2007ರಲ್ಲಿ, ಶಾರ್ಜಾಕ್ಕೆ, ಅಲ್ಲಿಯ ಒಂದು ಭಾರತೀಯ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಲು. ಹೋಗಬೇಕೆಂಬ ಆಸೆಯಿಂದ ಹೋದವಳಲ್ಲ. ಅಡಿಕೆಯ ಹಳದಿ ರೋಗದ ವಿಚಾರ ಸುಳ್ಯ ತಾಲೂಕಿನವರಿಗೆ ಹೇಳಬೇಕಾಗಿಲ್ಲ, ಬೇರೆ ಕಡೆಯ ಓದುಗರಿಗಾಗಿ ಎರಡು ಮಾತು. ಸಂಪಾಜೆ, ಅರಂತೋಡು, ಮರ್ಕಂಜ ಈ ಭಾಗಗಳ ತೋಟಗಳನ್ನು ಹಿಡಿದ ರೋಗ ಇದು. ಸೋಗೆ ತುದಿಯಿಂದ ಹಳದಿಗಟ್ಟುತ್ತಾ ಬರುತ್ತದೆ, ಎಳೆಯ ಕಾಯಿ ಉದುರುತ್ತದೆ, ಉಳಿದ ಅಡಿಕೆಯ ತಿರುಳು ಮೆತ್ತಗಾಗಿ ಕಪ್ಪಾಗುತ್ತದೆ, ವರ್ಷ ಕಳೆದಂತೆ ಮರದ ತಲೆಯೇ ಸಣ್ಣದಾಗುತ್ತದೆ. ವಾಸಿ ಮಾಡುವ ಮದ್ದು ಇವತ್ತಿಗೂ ಸಿಕ್ಕಿಲ್ಲ. ನಮ್ಮ ಫಸಲು ಕಾಲಂಶಕ್ಕೆ ಇಳಿಯಿತು, ಸಾಲ ಮಾತ್ರ ಇಳಿಯಲಿಲ್ಲ. ತೋಟವನ್ನೂ ವಯಸ್ಸಾದ ಅತ್ತೆಯವರನ್ನೂ ಬಿಟ್ಟು ಇವರು ಹೊರಡುವ ಹಾಗಿಲ್ಲ. ಡಿಗ್ರಿ, ಬಿ.ಎಡ್. ಇದ್ದದ್ದು ನನಗೆ. ಖಾಸಗಿ ಶಾಲೆಯೊಂದರಲ್ಲಿ ನಾನು ಪಡೆಯುತ್ತಿದ್ದ ಸಂಬಳದ ಆರೇಳು ಪಟ್ಟು ಅಲ್ಲಿ ಕೊಡುತ್ತಿದ್ದರು. ಮಗಳು ಆಗ ಆರನೇ ಕ್ಲಾಸು. ಹೀಗೆ ನಮ್ಮ ಮನೆಯಲ್ಲಿ ಪೆಟ್ಟಿಗೆ ಕಟ್ಟಿದ್ದು ಗಂಡಸಲ್ಲ, ಹೆಂಗಸು.

ಅಲ್ಲಿಯ ದಿನಚರಿಯಲ್ಲಿ ವರ್ಣಿಸುವಂಥದ್ದು ಹೆಚ್ಚಿಲ್ಲ. ರೋಲಾ ಎಂಬಲ್ಲಿ ಒಂದು ಕೋಣೆಯಲ್ಲಿ ನಾವು ಮೂವರು ಹೆಂಗಸರು. ಬಾಡಿಗೆಗೆ ಸಿಗುವುದು ಮನೆಯಲ್ಲ, ಕೋಣೆಯೂ ಅಲ್ಲ, ‘ಬೆಡ್‌ಸ್ಪೇಸ್’: ಒಂದು ಮಂಚ, ಕಪಾಟಿನಲ್ಲಿ ಮೂರರ ಒಂದು ಪಾಲು, ಫ್ರಿಜ್ಜಿನಲ್ಲಿ ಒಂದು ಹಲಗೆ. ಬೆಳಿಗ್ಗೆ ಆರಕ್ಕೆಲ್ಲ ಶಾಲೆಯ ಬಸ್ಸು. ಮಧ್ಯಾಹ್ನ ಬಂದು ಮಲಗಿ ಎದ್ದರೆ ಪುಸ್ತಕ ತಿದ್ದುವುದು, ಸರದಿಯ ಮೇಲೆ ಅಡಿಗೆ. ಕುಚ್ಚಲಕ್ಕಿ ಸಿಗುತ್ತಿತ್ತು. ಆಗ ಒಂದು ದಿರ್ಹಮಿಗೆ ಸುಮಾರು 11 ರೂಪಾಯಿ. ಏನು ಕೊಂಡರೂ ಮನಸ್ಸು ಹನ್ನೊಂದರ ಮಗ್ಗಿ ಹೇಳಿಕೊಳ್ಳುತ್ತಿತ್ತು. ಒಂದು ದಿರ್ಹಮಿನ ಚಹಾ ಬಾಯಿಗೆ ಹೋಗುವ ಮೊದಲೇ ಹನ್ನೊಂದು ರೂಪಾಯಿ ಆಗಿ ಗಂಟಲಲ್ಲಿ ನಿಲ್ಲುತ್ತಿತ್ತು. ಮಕ್ಕಳಿಗೆ ಮಗ್ಗಿ ಕಲಿಸಿದ ನನಗೆ ಅದನ್ನು ಮರೆಯುವುದು ಎಷ್ಟು ಕಷ್ಟವೆಂದು ಗೊತ್ತಾದದ್ದು ಅಲ್ಲಿ. ಜುಲೈ, ಆಗಸ್ಟ್ ಶಾಲೆಗೆ ರಜೆ. ಊರಿಗೆ ಬಂದರೆ ಇಲ್ಲಿ ಆಟಿಯ ಮಳೆ.

ವಾರದ ಐದು ದಿನ ಹೀಗೆ. ಉಳಿದ ಎರಡು ದಿನ ಶುಕ್ರವಾರ ಮತ್ತು ಶನಿವಾರ. ಅಲ್ಲಿ 2006ರ ವರೆಗೆ ಸರಕಾರಿ ರಜೆ ಗುರುವಾರ, ಶುಕ್ರವಾರ ಇತ್ತಂತೆ. ನಾನಿದ್ದಾಗ ಶುಕ್ರ, ಶನಿ. 2022ರಿಂದ ಶನಿ, ಭಾನು ಮಾಡಿ ಶುಕ್ರವಾರಕ್ಕೆ ಅರ್ಧ ದಿನ ಇಟ್ಟಿದ್ದಾರೆ. ಶಾರ್ಜಾದಲ್ಲಿ ಮಾತ್ರ ಶುಕ್ರವಾರವೂ ಸೇರಿ ಮೂರು ದಿನ. ಲೋಕದ ವ್ಯಾಪಾರಕ್ಕೆ ಹೊಂದಿಕೊಂಡು ರಜೆಯ ದಿನವೂ ಸರಿಯುತ್ತದೆ. ಆದಿತ್ಯವಾರವೆಂದರೆ ಸೂರ್ಯನಷ್ಟೇ ಸ್ಥಿರ ಎಂದುಕೊಂಡಿದ್ದ ನನಗೆ ಭಾನುವಾರ ಬೆಳಿಗ್ಗೆ ಶಾಲೆಗೆ ಹೊರಡುವುದು ಅಭ್ಯಾಸವಾಗಲು ತಿಂಗಳುಗಳೇ ಹಿಡಿದವು.

ಶುಕ್ರವಾರ ಬೆಳಿಗ್ಗೆ ಬಟ್ಟೆ ಒಗೆಯುವುದು. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಅಂಗಡಿಗಳು ಮುಚ್ಚಿ ಬೀದಿಯೆಲ್ಲ ಮೌನ. ಸಂಜೆ ರೋಲಾದ ಮೈದಾನಕ್ಕೆ ಜನವೋ ಜನ. ರೋಲಾ ಎಂದರೆ ಆಲದ ಮರ. ಅಲ್ಲಿ ಹಿಂದೆ ದೊಡ್ಡದೊಂದು ಆಲದ ಮರವಿದ್ದು, 1978ರಲ್ಲಿ ಬಿತ್ತು. ಈಗ ಅದರ ನೆನಪಿಗೆ ಒಂದು ಸ್ಮಾರಕವಿದೆ. ಮರ ಹೋದರೂ ಕಟ್ಟೆಯಲ್ಲಿ ಕೂರುವ ಅಭ್ಯಾಸ ಹೋಗಿರಲಿಲ್ಲ. ಮಲಯಾಳದವರು ಒಂದು ಕಡೆ, ಬಂಗಾಳದವರು ಒಂದು ಕಡೆ, ಪಠಾಣರು ಇನ್ನೊಂದು ಕಡೆ. ನಡುವೆ ಎಲ್ಲಿಂದಲೋ ತುಳು ಕೇಳಿಸಿದರೆ ಕಾಲು ತಾನಾಗಿ ನಿಲ್ಲುತ್ತಿತ್ತು. ಹೆಚ್ಚಿನವರು ಗಂಡಸರು. ನಾವು ಮೂವರು ಒಟ್ಟಿಗೇ ಹೋಗುತ್ತಿದ್ದೆವು.

ಅಲ್ಲಿಂದ ಕೆಲವು ಸಂಜೆ ಕಡಲ ದಂಡೆಗೆ. ನಮ್ಮದು ಕರಾವಳಿಯ ಜಿಲ್ಲೆ ಎಂದು ಹೆಸರು. ಆದರೆ ಸುಳ್ಯದ ಕಾಡು, ಗುಡ್ಡದ ಹೆಂಗಸರಿಗೆ ಕಡಲು ಎಲ್ಲಿ? ಶಾಲೆಯ ಪ್ರವಾಸದಲ್ಲಿ ಒಮ್ಮೆ, ಮಂಗಳೂರಿನ ಆಸ್ಪತ್ರೆಗೆ ಹೋದಾಗ ದೂರದಿಂದ ಒಮ್ಮೆ. ಶಾರ್ಜಾದ ಎದುರಿನದ್ದು ಪರ್ಷಿಯನ್ ಕೊಲ್ಲಿ. ಹೊರ್ಮುಜ್ ಜಲಸಂಧಿ ದಾಟಿ ಬಂದರೆ ನಮ್ಮ ಅರಬ್ಬೀ ಸಮುದ್ರದ ನೀರೇ. ನಕ್ಷೆಯಲ್ಲಿ ಮಕ್ಕಳಿಗೆ ಬೆರಳಿಟ್ಟು ತೋರಿಸುತ್ತಿದ್ದ ಆ ನೀರಿನ ಎದುರು ಕೈಯನ್ನು ಮಡಿಲಲ್ಲಿಟ್ಟು ಎರಡು ಗಂಟೆ ಕುಳಿತೆ. ಮದುವೆಯಾದ ಮೇಲೆ ಹಾಗೆ ಕುಳಿತದ್ದು ಅದೇ ಮೊದಲು. ಬತ್ತಿ ಹೊಸೆಯುವುದಾಗಲಿ ಸೊಪ್ಪು ಬಿಡಿಸುವುದಾಗಲಿ, ಕೈಗೊಂದು ಕೆಲಸವಿಲ್ಲದೆ ಕೂತ ಹೆಂಗಸನ್ನು ನೀವು ನೋಡಿದ್ದೀರಾ? ನನಗೆ ಬಹಳ ಸುಖವೆನಿಸಿತು.

ಆ ರಾತ್ರಿ ಮನೆಗೆ ಫೋನು ಮಾಡಿದಾಗ ಅದನ್ನೇ ಹೇಳಿದೆ. ಇವರ ಚಿಕ್ಕಮ್ಮ ಅವತ್ತು ಮನೆಗೆ ಬಂದಿದ್ದರು. ರಿಸೀವರು ಅವರ ಕೈಗೆ ಬಂತು. “ಮಗುವನ್ನು ಇಲ್ಲಿ ಬಿಟ್ಟು ನಿಂಗೆ ಕಡಲು ನೋಡ್ಲಿಕ್ಕೆ ಮನಸ್ಸಾದ್ರೂ ಹೇಗೆ ಬರ್ತದೆ ಮಾರಾಯ್ತಿ?” ಎಂದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಮಗಳಿಗೆ ಜ್ವರ ಬಂದಾಗ ರಾತ್ರಿಯೆಲ್ಲ ಕೂತು ಹಣೆಗೆ ಬಟ್ಟೆ ಹಾಕಿದವರು ಅವರೇ. ಆದ್ದರಿಂದಲೇ ಆ ಪ್ರಶ್ನೆಯನ್ನು ಸುಮ್ಮನೆ ತಳ್ಳಿಹಾಕಲು ನನ್ನಿಂದಾಗಲಿಲ್ಲ.

ಅವರ ಮಾತಿನ ಹಿಂದೆ ಒಂದು ನ್ಯಾಯ ಉಂಟು. ನಾವು ದುಃಖವನ್ನು ಪ್ರೀತಿಯ ಅಳತೆಗೋಲು ಮಾಡಿಕೊಂಡಿದ್ದೇವೆ. ಅಗಲಿದವರು ಕೊರಗುತ್ತಿದ್ದರೆ ನಮ್ಮನ್ನು ನೆನೆಯುತ್ತಿದ್ದಾರೆ, ನಕ್ಕರೆ ಮರೆತಿದ್ದಾರೆ. ಆದರೆ ಈ ಅಳತೆ ಎಲ್ಲರಿಗೂ ಒಂದೇ ಅಲ್ಲ. ರೋಲಾದಲ್ಲಿ ನನ್ನ ಹಳೆಯ ಶಿಷ್ಯನೊಬ್ಬ ಸಿಗುತ್ತಿದ್ದ. ದುಬೈಯ ಸೋನಾಪುರದ ಕಾರ್ಮಿಕರ ಕ್ಯಾಂಪಿನಲ್ಲಿ ವಾಸ. ಹೆಸರು ಸೋನಾಪುರ, ಚಿನ್ನದ ಊರು; ಇರುವುದು ಒಂದರ ಮೇಲೊಂದು ಕಬ್ಬಿಣದ ಮಂಚ. ಅವನು ಯಾರದೋ ಕಾರಿಗೆ ಒರಗಿ ನಿಂತು, ಕಪ್ಪು ಕನ್ನಡಕ ಹಾಕಿ ಫೋಟೊ ತೆಗೆಸಿಕೊಂಡು ಮನೆಗೆ ಕಳಿಸುತ್ತಿದ್ದ. “ಟೀಚರೇ, ಬೇಜಾರಿನ ಮುಖ ಕಳಿಸಿದ್ರೆ ಅಮ್ಮ ಊಟ ಬಿಡ್ತಾರೆ” ಎನ್ನುತ್ತಿದ್ದ. ಗಂಡು ಪರದೇಶದಿಂದ ಸುಖವಾಗಿದ್ದೇನೆಂದು ತೋರಿಸಬೇಕು, ಹೆಣ್ಣು ಕಷ್ಟದಲ್ಲಿದ್ದೇನೆಂದು ತೋರಿಸಬೇಕು. ಅವನ ಶುಕ್ರವಾರ ಹೇಗೆ ಕಳೆಯಿತು, ನನ್ನದು ಹೇಗೆ ಕಳೆಯಿತು ಎಂಬ ನಿಜ ಇಬ್ಬರ ಮನೆಗೂ ಬೇಕಾಗಿರಲಿಲ್ಲ.

ನಮ್ಮ ಕೋಣೆಯಲ್ಲಿದ್ದ ಇನ್ನೊಬ್ಬರು ಕಾಸರಗೋಡಿನ ಕಡೆಯ ಕನ್ನಡದವರು, ದವಾಖಾನೆಯಲ್ಲಿ ನರ್ಸು, ನನಗಿಂತ ಹಿರಿಯರು. ಆರು ವರ್ಷದಿಂದ ಅಲ್ಲಿದ್ದರು. ಬಂದದ್ದು ಎರಡು ವರ್ಷಕ್ಕೆಂದೇ. ಮೊದಲು ತಂಗಿಯ ಮದುವೆ, ಆಮೇಲೆ ಮನೆ, ಆಮೇಲೆ ಮಗನ ಇಂಜಿನಿಯರಿಂಗು. ಶುಕ್ರವಾರ ಅವರು ಕೋಣೆ ಬಿಟ್ಟು ಹೊರಡುವುದು ಅಪರೂಪ; ಹೊರಟರೆ ಖರ್ಚು. ಅವರ ಪೆಟ್ಟಿಗೆಯಲ್ಲಿ ಹೊಸ ಹಾಸುಬಟ್ಟೆಗಳು ಕಟ್ಟು ಬಿಚ್ಚದೆ ಇದ್ದವು. ತಾನು ಮಲಗುತ್ತಿದ್ದದ್ದು ನಡುವೆ ಹೊಲಿಗೆ ಹಾಕಿದ ಹಳೆಯ ಬಟ್ಟೆಯ ಮೇಲೆ. “ಇದೆಲ್ಲ ಊರಿಗೆ ಹೋದ ಮೇಲೆ” ಎನ್ನುತ್ತಿದ್ದರು. ನಾನು ಅವರನ್ನು ನೋಡಿ ಮರುಗಿದೆನೆಂದು ತಿಳಿಯಬೇಡಿ. ಅವರಲ್ಲಿ ಒಂದು ತಪಸ್ಸಿನ ತೇಜಸ್ಸಿತ್ತು. ಇನ್ನೊಬ್ಬರಿಗಾಗಿ ತನ್ನನ್ನು ಮರೆಯುವುದು ಸಣ್ಣ ಮಾತಲ್ಲ, ಅವರ ಮಗ ಓದಿದ್ದು ಆ ಹಳೆಯ ಹಾಸಿನ ಬಲದಿಂದಲೇ. ಎದುರುಗಡೆಗೂ ಉದಾಹರಣೆ ಇತ್ತು. ವಾರವಾರ ಮಾಲುಗಳನ್ನು ಸುತ್ತಿ, ಕ್ರೆಡಿಟ್ ಕಾರ್ಡಿನ ಸಾಲ ಮೈಮೇಲೆ ಹಾಕಿಕೊಂಡು, ಮನೆಗೂ ಕಳಿಸದೆ ಊರಿಗೂ ಬಾರದೆ ಸಿಕ್ಕಿಬಿದ್ದವರನ್ನೂ ಕಂಡಿದ್ದೇನೆ. ಸಂತೋಷವೆಂದರೆ ಖರ್ಚು ಎಂದು ತಿಳಿದರೆ ಆಗುವುದು ಅದೇ. ಅವರಿಗೆ ಹೋಲಿಸಿದರೆ ನಮ್ಮ ನರ್ಸಮ್ಮ ಸಾವಿರ ಪಾಲು ಮೇಲು.

ಆದರೂ ಒಂದು ವಿಷಯದಲ್ಲಿ ನನ್ನ ಮನಸ್ಸು ಒಪ್ಪಲಿಲ್ಲ. ಅವರು ದುಡ್ಡನ್ನು ಮಾತ್ರ ಕೂಡಿಡುತ್ತಿರಲಿಲ್ಲ, ದಿನಗಳನ್ನೂ ಕೂಡಿಡುತ್ತಿದ್ದೇನೆಂದು ನಂಬಿದ್ದರು. ದುಡ್ಡು ಕೂಡಿಟ್ಟರೆ ಬ್ಯಾಂಕಿನಲ್ಲಿರುತ್ತದೆ. ಈ ಶುಕ್ರವಾರ ಉಳಿಸಿದ ಸಂತೋಷ ಮುಂದೆ ಯಾವ ಆದಿತ್ಯವಾರಕ್ಕೂ ಬಡ್ಡಿ ಸಮೇತ ಸಿಗುವುದಿಲ್ಲ.

ನಮ್ಮ ತಾಲೂಕಿನಲ್ಲೇ ಇದಕ್ಕೆ ಸಾಕ್ಷಿ ಇದೆ. ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳಲ್ಲಿ ಟ್ಯಾಪಿಂಗ್ ಮಾಡುವ ತಮಿಳರನ್ನು ನೀವು ಬಲ್ಲಿರಿ. ಅವರ ಹಿರಿಯರು ಬ್ರಿಟಿಷರ ಕಾಲದಲ್ಲಿ ಕಾಫಿ, ಚಹಾ ತೋಟಗಳ ಕೆಲಸಕ್ಕೆಂದು ಸಿಲೋನಿಗೆ ಹೋದವರು. ದುಡಿದು ಮರಳುವ ಎಣಿಕೆಯಲ್ಲೇ ಹೊರಟಿದ್ದಾರು. ಮೊಮ್ಮಕ್ಕಳು, ಮರಿಮಕ್ಕಳು ಅಲ್ಲೇ ಹುಟ್ಟಿದರು. ಕೊನೆಗೆ ಅವರು ಯಾವ ದೇಶದವರೆಂದು ತೀರ್ಮಾನಿಸಲು 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಹಾಗೆ ಮರಳಿದ ಕುಟುಂಬಗಳಲ್ಲಿ ಕೆಲವು ಬಂದು ನಿಂತದ್ದು ಸುಳ್ಯ, ಪುತ್ತೂರಿನ ರಬ್ಬರು ಮರಗಳ ಅಡಿಯಲ್ಲಿ. ಆ ಮನೆಗಳ ಮಕ್ಕಳಿಗೆ ನಾನು ಪಾಠ ಹೇಳಿದ್ದೇನೆ. ‘ಸದ್ಯಕ್ಕೆ’ ಎಂಬುದು ಎರಡು ವರ್ಷವೂ ಆದೀತು, ನಾಲ್ಕು ತಲೆಮಾರೂ ಆದೀತು. ಕೆಲವೊಮ್ಮೆ ಅದು ನಡುವೆಯೇ ಮುಗಿಯುತ್ತದೆ. ನಾನು ಮರಳಿದ ಮರುವರ್ಷ, 2010ರ ಮೇ 22ರ ಶನಿವಾರ ಬೆಳಿಗ್ಗೆ, ದುಬೈಯಿಂದ ಬಂದ ವಿಮಾನ ನಮ್ಮ ಬಜ್ಪೆಯಲ್ಲಿ ಬಿದ್ದು 158 ಮಂದಿ ತೀರಿಹೋದರು. ಉಳಿದವರು ಎಂಟೇ ಜನ. ಆ ವಿಮಾನದಲ್ಲಿ ಎಷ್ಟು ಪೆಟ್ಟಿಗೆಗಳಲ್ಲಿ ‘ಊರಿಗೆ ಹೋದ ಮೇಲೆ’ ಎಂದು ಮಡಚಿಟ್ಟ ಹೊಸ ಬಟ್ಟೆಗಳಿದ್ದವೋ! ಅವತ್ತು ಟಿ.ವಿ.ಯ ಮುಂದೆ ಕುಳಿತವಳಿಗೆ ನರ್ಸಮ್ಮನ ಹಾಸುಬಟ್ಟೆ ನೆನಪಾಯಿತು. ಎಷ್ಟು ದಿನವೆಂದು ಗೊತ್ತಿಲ್ಲದ್ದನ್ನು ಮುಂದೂಡುವುದು ಹೇಗೆ?

ವಾರದಲ್ಲೊಂದು ದಿನ ಎನ್ನುವುದೂ ಯಾರೂ ಧರ್ಮಕ್ಕೆ ಕೊಟ್ಟದ್ದಲ್ಲ. ನಾವು ಹುಟ್ಟಿದಾಗಿನಿಂದ ಇದೆಯೆಂದುಕೊಂಡ ಭಾನುವಾರಕ್ಕಾಗಿ ಮುಂಬಯಿಯ ಗಿರಣಿ ಕಾರ್ಮಿಕರು ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳುತನದಲ್ಲಿ ವರ್ಷಗಟ್ಟಲೆ ಬೇಡಿಕೆಯಿಟ್ಟು, 1890ರ ಜೂನಿನಲ್ಲಿ ಅದನ್ನು ಪಡೆದರು. ಕೈಗಾರಿಕೆಗಳಲ್ಲಿ ವಾರದ ರಜೆ ಇರಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ನಿಬಂಧನೆ ಮಾಡಿದ್ದು 1921ರಲ್ಲಿ. ಮನೆಗೆಲಸದವರಿಗೂ ವಾರಕ್ಕೆ ಎಡೆಬಿಡದೆ 24 ಗಂಟೆ ಬಿಡುವು ಬೇಕೆಂದು ಅದೇ ಸಂಸ್ಥೆ ಒಪ್ಪಿಕೊಂಡದ್ದು 2011ರಲ್ಲಿ. ನಡುವಿನ 90 ವರ್ಷಗಳನ್ನು ನೋಡಿ. ಗಿರಣಿಯ ಕೆಲಸ ಕೆಲಸವೆಂದು ಬೇಗ ಗೊತ್ತಾಯಿತು, ಅಡಿಗೆಮನೆಯ ಕೆಲಸ ಕೆಲಸವೆಂದು ಗೊತ್ತಾಗಲು ಒಂದು ಶತಮಾನ ಬೇಕಾಯಿತು. ನಾವಿದ್ದ ಕಟ್ಟಡದ ಒಂದು ಮನೆಯಲ್ಲಿ ಆಂಧ್ರದ ಕಡೆಯ ಹೆಂಗಸೊಬ್ಬಳು ಕೆಲಸಕ್ಕಿದ್ದಳು. ಸಂಜೆ ಕಸ ಹಾಕಲು ಕೆಳಗಿಳಿದಾಗ ಮಾತ್ರ ಕಾಣುತ್ತಿದ್ದಳು. ನಾವು ಹೊರಗೆ ಹೊರಟದ್ದನ್ನು ಕಂಡು ಒಮ್ಮೆ ಹಿಂದಿಯಲ್ಲಿ ಕೇಳಿದಳು, “ಇವತ್ತು ಶುಕ್ರವಾರವಾ?” ಅವಳಿಗೆ ವಾರ ಯಾವುದಾದರೂ ಒಂದೇ. ಕಡಲು ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರವಿತ್ತು.

ಅವಳನ್ನು ನೆನೆದಾಗ ಚಿಕ್ಕಮ್ಮನ ಪ್ರಶ್ನೆ ನನಗೆ ಬೇರೆ ರೀತಿಯಲ್ಲಿ ಕೇಳಿಸತೊಡಗಿತು. ಚಿಕ್ಕಮ್ಮ ಹದಿನೆಂಟಕ್ಕೆ ಮದುವೆಯಾಗಿ, ಹಟ್ಟಿ, ಅಡಿಗೆಮನೆ, ಅಂಗಳದ ಅಡಿಕೆ ಎಂದು ಐವತ್ತು ವರ್ಷ ಕಳೆದವರು. ಅವರಿಗೆ ಬೀಸುವ ಕಲ್ಲು ಹೋಗಿ ಮಿಕ್ಸಿ ಬಂತು, ರಜೆ ಬರಲಿಲ್ಲ. ಹಬ್ಬವೆಂದರೆ ಇನ್ನೂ ಹೆಚ್ಚು ಕೆಲಸ. “ಮನಸ್ಸಾದ್ರೂ ಹೇಗೆ ಬರ್ತದೆ” ಎಂದು ಅವರು ಕೇಳಿದ್ದರಲ್ಲಿ ದೂರು ಎಷ್ಟಿತ್ತೋ ನಿಜವಾದ ಆಶ್ಚರ್ಯವೂ ಅಷ್ಟೇ ಇದ್ದಿರಬೇಕು. ಕೈ ಕಟ್ಟಿ ಕೂರುವ ಮನಸ್ಸು ಹೆಂಗಸಿಗೆ ಎಲ್ಲಿಂದ ಬರುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ನನಗೂ ಊರಲ್ಲಿ ಗೊತ್ತಿರಲಿಲ್ಲ. ಇಲ್ಲಿಯೇ ನನ್ನನ್ನು ಇಂದಿಗೂ ಚುಚ್ಚುವ ವಿಷಯ ಇರುವುದು. ನನ್ನದೇ ಎನ್ನುವ ಒಂದು ದಿನ ನನಗೆ ಸಿಕ್ಕಿದ್ದು ನನ್ನವರಿಂದ ಅಷ್ಟು ದೂರ ಹೋದಾಗ. ಮಗಳು ದೊಡ್ಡವಳಾದದ್ದನ್ನು ನೋಡದೆ ಪಡೆದ ಶುಕ್ರವಾರ ಅದು. ಅದರ ಬೆಲೆ ನನಗೆ ಗೊತ್ತು. ಹನ್ನೊಂದರ ಮಗ್ಗಿಯಿಂದ ಅದನ್ನು ಲೆಕ್ಕ ಹಾಕಲಾಗುವುದಿಲ್ಲ. ಆದರೆ ಬೆಲೆ ತೆತ್ತಾಗಿತ್ತಲ್ಲ? ನಾನು ಕಡಲಿಗೆ ಬೆನ್ನು ಹಾಕಿ ಕೋಣೆಯಲ್ಲಿ ಅತ್ತಿದ್ದರೆ ಮಗಳ ತಲೆ ಬಾಚಲು ಇಲ್ಲಿಗೆ ಎರಡು ಕೈ ಬರುತ್ತಿತ್ತೇ?

ಆದ್ದರಿಂದ ನಾನು ತಿಳಿದುಕೊಂಡದ್ದು ಇಷ್ಟು. ಮನೆಗಾಗಿ ಹೊರಟವರು ತಮ್ಮ ದುಡಿಮೆಯನ್ನು ಮನೆಗೆ ಕೊಡುತ್ತಾರೆ, ಕೊಡಲೇಬೇಕು. ಆಯುಷ್ಯವನ್ನೇ ಒತ್ತೆಯಿಟ್ಟಿಲ್ಲ. ಅವರ ನಗು ಮನೆಯವರ ಪಾಲಿನಿಂದ ಕದ್ದದ್ದಲ್ಲ. ಚಿಕ್ಕಮ್ಮನಿಗೆ ಅಂದು ನಾನು, “ಬೇಜಾರಾದ್ರೂ ಕಡಲು ಚಂದ ಉಂಟು ಚಿಕ್ಕಮ್ಮ, ನೀವೂ ಒಮ್ಮೆ ನೋಡಬೇಕು” ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ, “ಉಪ್ಪಿನಕಾಯಿ ಮುಗಿಯಿತಾ?” ಎಂದು ಕೇಳಿದರು.

2009ರಲ್ಲಿ ಸಾಲ ತೀರಿಸಿ ಮರಳಿದೆ. ಹಳದಿ ರೋಗದ ಮರಗಳ ಎಡೆಗೆ ರಬ್ಬರು ಬಂತು. ಶಾಲೆಗೆ ಮತ್ತೆ ಸೇರಿದೆ. ಬಂದ ಮೇಲೆ ನಾನು ಪಟ್ಟು ಹಿಡಿದದ್ದು ಒಂದಕ್ಕೆ: ಆದಿತ್ಯವಾರ ಮಧ್ಯಾಹ್ನ ಎರಡರಿಂದ ಐದರ ವರೆಗೆ ನಮ್ಮ ಮನೆಯ ಹೆಂಗಸರು ಯಾರೂ ಕೆಲಸ ಮಾಡುವುದಿಲ್ಲ. ಮೊದಮೊದಲು ಅತ್ತೆಯವರಿಗೇ ಕೂರಲಾಗುತ್ತಿರಲಿಲ್ಲ, ಎದ್ದೆದ್ದು ಹೋಗಿ ಪಾತ್ರೆ ಮಗುಚುತ್ತಿದ್ದರು. ಚಹಾ ಮಾಡಲು ಇವರು ಕಲಿತರು, ಸಕ್ಕರೆ ಈಗಲೂ ಒಂದಿಷ್ಟು ಹೆಚ್ಚು. ಮೂರು ಗಂಟೆಯಿಂದ ಲೋಕವೇನೂ ಮುಳುಗಲಿಲ್ಲ. ಓದುವ ನೀವು ಪೇಟೆಯಲ್ಲಿದ್ದೀರಿ, ಕುಕ್ಕರು, ಗ್ಯಾಸು ಎಲ್ಲ ಇದೆ. ನಿಮ್ಮ ಆದಿತ್ಯವಾರದಲ್ಲಿ ನಿಮ್ಮದು ಎಷ್ಟು ಗಂಟೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ.

ಈಗ ನಾನು ಫೋನಿನ ಇನ್ನೊಂದು ತುದಿಯಲ್ಲಿದ್ದೇನೆ. ಮಗಳು ಕಂಪೆನಿಯ ಕೆಲಸದ ಮೇಲೆ ಒಂದೂವರೆ ವರ್ಷಕ್ಕೆಂದು ಜರ್ಮನಿಗೆ ಹೋಗಿದ್ದಾಳೆ. ಅಲ್ಲಿ ಆದಿತ್ಯವಾರದ ಬಿಡುವಿಗೆ ದೇಶದ ಮೂಲ ಕಾನೂನಿನಲ್ಲೇ ರಕ್ಷಣೆ ಇದೆ. ಅಂಗಡಿಗಳು ಹೆಚ್ಚುಕಡಿಮೆ ಎಲ್ಲ ಮುಚ್ಚಿರುತ್ತವೆ. ಅವಳ ನಾಲ್ಕು ವರ್ಷದ ಮಗ ಇಲ್ಲಿ ನಮ್ಮೊಂದಿಗೆ, ಅವನ ಅಪ್ಪನ ಕೆಲಸ ಮಂಗಳೂರಿನಲ್ಲಿ. ಮೊನ್ನೆಯ ಆದಿತ್ಯವಾರ ಅವಳು ಗೆಳತಿಯರ ಜೊತೆ ಹೊಳೆಯ ಬದಿಯಲ್ಲಿ ಇಡೀ ದಿನ ನಡೆದದ್ದನ್ನು, ಮರದ ಎಲೆಗಳು ಕೆಂಪಾದದ್ದನ್ನು ಫೋನಿನ ಪರದೆಯಲ್ಲಿ ತೋರಿಸುತ್ತಿದ್ದಳು. ಮೊಮ್ಮಗ ನನ್ನ ಸೆರಗು ಹಿಡಿದು ಪಕ್ಕದಲ್ಲೇ ನಿಂತಿದ್ದ. ಚಿಕ್ಕಮ್ಮನ ಅದೇ ಪ್ರಶ್ನೆ ನನ್ನ ನಾಲಿಗೆಯ ತುದಿಗೂ ಬಂತು. ಇಷ್ಟೆಲ್ಲ ಯೋಚಿಸಿದ ಮೇಲೂ ಬರುತ್ತದೆ ನೋಡಿ, ಅಷ್ಟು ಆಳದಲ್ಲಿದೆ ಅದು. ನಾನು ಅದನ್ನು ಅಲ್ಲೇ ನುಂಗಿ, “ಆ ಕೆಂಪು ಮರವನ್ನು ಇನ್ನೊಮ್ಮೆ ತೋರಿಸು, ಇವನೂ ನೋಡಲಿ” ಎಂದು ಹುಡುಗನನ್ನು ಎತ್ತಿಕೊಂಡೆ.